ಹಳೇ ಸೀರೆಯ ಹಾಯಿ, ನನ್ನ ಹೊಸ ಟಾರ್ಪಾಲು

ಹೋದ ತಿಂಗಳು ಕೊಳ್ಳೇಗಾಲದ ಕಚೇರಿಯಿಂದ ಫೋನ್ ಬಂತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತರಬೇತಿ ಇದೆ, ಬಂದು ನಾಲ್ಕು ಮಾತು ಹೇಳಿ ಎಂದರು. ನಿವೃತ್ತನಾದವನಿಗೆ ಅಂಥ ಕರೆ ಬಂದರೆ ಕೇಳಬೇಕೇ? ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟೆ. ಅಲ್ಲಿ ಗೋಡೆಯ ಮೇಲೆ ಒಂದೊಂದೇ ಚಿತ್ರ ತೋರಿಸುತ್ತಿದ್ದರು. ಒಂದು ಚಿತ್ರದಲ್ಲಿ ನಮ್ಮ ಪಾಲಾರ್ ಕಡೆಯ ತೆಪ್ಪ. ಅದರಲ್ಲಿ ಎರಡು ಬಿದಿರು ಗಳ, ನಡುವೆ ಹಳೆಯ ಸೀರೆಯೊಂದು ಹಾಯಿಯಾಗಿ ಗಾಳಿ ತುಂಬಿಕೊಂಡು ನಿಂತಿದೆ. ಅದರ ಮೇಲೆ ಕೆಂಪು ಬಣ್ಣದ ದೊಡ್ಡ ಇಂಟು ಗುರುತು. ಕೆಳಗೆ 'ಅವೈಜ್ಞಾನಿಕ, ಅಪಾಯಕಾರಿ' ಎಂದು ಬರೆದಿತ್ತು. ನಾನು ಎದ್ದು ನಿಂತೆ.

"ಮೊದ್ಲು ಆ ಇಂಟು ತೆಗೀರಿ. ಆಮೇಲೆ ಮಾತಾಡ್ತೀನಿ" ಎಂದೆ.

ಪಾಠ ಮಾಡುತ್ತಿದ್ದ ಅಧಿಕಾರಿ ನಕ್ಕು, "ಅದು ಮೇಲಿನಿಂದ ಬಂದಿರೋದು ಸರ್, ನಾವು ಮುಟ್ಟೋ ಹಾಗಿಲ್ಲ" ಎಂದರು. ಮಾತಾಡುವ ನನ್ನ ಸರದಿ ಬರಲೇ ಇಲ್ಲ. ಊಟದ ಹೊತ್ತಿಗೆ ಒಂದು ಶಾಲು ಹೊದಿಸಿ ಕಳಿಸಿಬಿಟ್ಟರು. ಅಲ್ಲಿ ಆಡಲು ಬಿಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಹಾಲಿನಲ್ಲಿ ಕೂತಿದ್ದ ಹುಡುಗ ಹುಡುಗಿಯರು ಓದಲಿ ಎಂಬ ಆಸೆ ನನಗಿದೆ. ಇಂಟು ಹಾಕಿದವರು ಓದಿದರೆ ಇನ್ನೂ ಸಂತೋಷ.

ಯಾವ ಇಲಾಖೆ ಎಂದು ಬರೆಯುವುದಿಲ್ಲ. ಪಾಲಾರ್ ಹತ್ತಿರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮೀನು ಹಿಡಿಯುವ ತೆಪ್ಪಗಳನ್ನು ನೋಡಿ ಲೈಸೆನ್ಸಿಗೆ ಶಿಫಾರಸು ಮಾಡುವುದು, ವರ್ಷಕ್ಕೊಮ್ಮೆ ಅದನ್ನು ನವೀಕರಿಸುವುದು, ಮೇಲಿನವರು ಕೊಟ್ಟ ಸಾಮಾನು ಹಂಚುವುದು, ಇಷ್ಟು ನನ್ನ ಕೆಲಸ. ಹುದ್ದೆಯ ಹೆಸರು ಫೀಲ್ಡ್‌ಮನ್. ನಾನು ಹುಟ್ಟಿದ್ದು ಯಳಂದೂರಿನ ಗದ್ದೆ ಬಯಲಿನಲ್ಲಿ. ಮೊಣಕಾಲು ಮುಳುಗುವ ನಾಲೆಗಿಂತ ಹೆಚ್ಚು ನೀರಿಗೆ ಇಳಿದವನಲ್ಲ. ಈಜು ಬರುತ್ತದೆಯೇ ಎಂದು ಸಂದರ್ಶನದಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ ಕಾಮಗೆರೆ, ಹನೂರು ದಾಟಿ, ಬೆಟ್ಟದ ತಿರುವುಗಳನ್ನು ಕಳೆದು ಪಾಲಾರ್‌ನಲ್ಲಿ ಇಳಿದಾಗ ಎದುರಿಗೆ ಕಂಡ ನೀರು ನೋಡಿ ಅದೇ ಬಸ್ಸಿಗೆ ವಾಪಸು ಹತ್ತೋಣ ಎನಿಸಿತು. ಅದನ್ನು ಒಪ್ಪಿಕೊಳ್ಳಲು ನನಗೆ ಈಗ ಯಾವ ಸಂಕೋಚವೂ ಇಲ್ಲ.

ಮೊದಲ ದಿನವೇ ಪೇಚಿಗೆ ಸಿಕ್ಕಿದೆ. ಲೈಸೆನ್ಸಿನ ಅರ್ಜಿಯಲ್ಲಿ ದೋಣಿಯ ಉದ್ದ, ಅಗಲ, ಮುಂಭಾಗದ ಎತ್ತರ, ಹಿಂಭಾಗದ ಎತ್ತರ ಎಂದು ನಾಲ್ಕು ಕಲಂ ಇದ್ದವು. ತೆಪ್ಪವೋ ಬಿದಿರು ಹೆಣೆದು ಕೆಳಗೆ ಡಾಂಬರು ಬಳಿದ ದುಂಡನೆಯ ದೊಡ್ಡ ಬುಟ್ಟಿ. ಟೇಪು ಹಿಡಿದು ಎರಡು ಸುತ್ತು ಬಂದೆ. ದಡದಲ್ಲಿ ಬಲೆ ಹರಡುತ್ತಿದ್ದ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಅವಳೇ ಪಳನಿಯಮ್ಮ. ಗಂಡ ತೀರಿಹೋದ ಮೇಲೆ ಲೈಸೆನ್ಸು ಅವಳ ಹೆಸರಿಗೆ ಬಂದಿತ್ತು. ತಮ್ಮ ಮುರುಗೇಶನನ್ನು ಜೊತೆಗೆ ಹಾಕಿಕೊಂಡು ಅವಳೇ ಮೀನು ಹಿಡಿಯುತ್ತಿದ್ದಳು. ಮನೆಯ ಮಾತು ತಮಿಳು. ನಮ್ಮ ಹತ್ತಿರ ಆಡುತ್ತಿದ್ದುದು ಹನೂರು ಕಡೆಯ ಕನ್ನಡ.

"ಇದ್ರಲ್ಲಿ ಮುಂದ್ಲು ಭಾಗ ಯಾವ್ದಮ್ಮಾ?" ಎಂದು ಕೇಳಿದೆ.

"ನಮ್ಗೇನ್ ಗೊತ್ತು ಸಾ? ಯಾವ ಕಡೀಕ್ ಓಯ್ತದೋ ಅದೇ ಮುಂದ್ಲು" ಎಂದಳು.

ನಾಲ್ಕೂ ಕಲಂಗಳಲ್ಲಿ ಇರುವುದನ್ನೇ ಬರೆದೆ. ಉದ್ದವೂ ಅಗಲವೂ ಒಂದೇ, ಮುಂದೆಯೂ ಹಿಂದೆಯೂ ಒಂದೇ. ಕಚೇರಿಯಲ್ಲಿ ಅದನ್ನು ನೋಡಿ ನಾನು ಜಾಗಕ್ಕೇ ಹೋಗದೆ ಬರೆದಿದ್ದೇನೆ ಎಂದು ಬೈದರು. ಬೈದವರು ತೆಪ್ಪ ನೋಡಿದ್ದು ಕ್ಯಾಲೆಂಡರಿನ ಚಿತ್ರದಲ್ಲಿ. ನಾನು ನಿವೃತ್ತನಾಗುವವರೆಗೂ ಆ ನಾಲ್ಕು ಕಲಂ ಹಾಗೇ ಇದ್ದವು.

ತೆಪ್ಪ ಎಂದರೆ ಮೀನು ಹಿಡಿಯುವುದಕ್ಕೆ ಮಾತ್ರ ಎಂದುಕೊಳ್ಳಬೇಡಿ. ಆಚೆ ದಡದ ಸೌದೆ, ಮೇವು, ರಾಗಿ ಮೂಟೆ, ಆಡುಮರಿ, ಮದುವೆಗೆ ಹೊರಟ ನೆಂಟರು, ಎಲ್ಲರನ್ನೂ ಅದು ಹೊತ್ತಿದೆ. ದಡಕ್ಕೆ ಬಂದ ಮೇಲೆ ಅದನ್ನು ಮಗುಚಿ ತಲೆಯ ಮೇಲೆ ಹೊತ್ತು ಮನೆಗೆ ಒಯ್ಯುತ್ತಾರೆ. ಮಳೆ ಬಂದರೆ ಅದೇ ಸೂರು. ಪಳನಿಯಮ್ಮನ ಮಾವನ ಕಾಲದಲ್ಲಿ ತಳಕ್ಕೆ ಎತ್ತಿನ ಚರ್ಮ ಹೊದಿಸುತ್ತಿದ್ದರಂತೆ. ಮೈಮರೆತು ಕೆಳಗೆ ಬಿಟ್ಟರೆ ನಾಯಿಗಳು ಕಿತ್ತು ತಿಂದುಬಿಡುತ್ತಿದ್ದವು, ಅದಕ್ಕೇ ಮರಕ್ಕೆ ತೂಗುಹಾಕುತ್ತಿದ್ದರು ಎಂದು ಅವಳು ನಗುತ್ತಿದ್ದಳು. ಆಮೇಲೆ ಗೋಣಿಬಟ್ಟೆ, ಡಾಂಬರು ಬಂತು. ಗೊಬ್ಬರದ ಪ್ಲಾಸ್ಟಿಕ್ ಚೀಲ ಬಂತು. ಕೊನೆಗೆ ನಾವು ಫೈಬರ್ ತೆಪ್ಪ ಹಂಚಿದೆವು. ಅದು ಹಗುರ, ನೋಡಲು ಚೆಂದ. ಆದರೆ ಬಂಡೆಗೆ ತಗುಲಿ ಬಿರುಕು ಬಿಟ್ಟರೆ ಹೊಲಿಯಲು ಬರುವುದಿಲ್ಲ. ಎರಡು ವರ್ಷ ಕಳೆದು ತನಿಖೆಗೆ ಹೋದಾಗ ಅದರೊಳಗೆ ಕೋಳಿಮರಿಗಳು ಓಡಾಡುತ್ತಿದ್ದವು. ಫಲಾನುಭವಿಗಳು ಬಳಸುತ್ತಿದ್ದಾರೆ ಎಂದು ವರದಿ ಬರೆದೆ. ಸುಳ್ಳೇನೂ ಅಲ್ಲವಲ್ಲ.

ಈಗ ಹಾಯಿಯ ವಿಷಯಕ್ಕೆ ಬರುತ್ತೇನೆ.

ಆಷಾಢದಲ್ಲಿ ಪಾಲಾರ್ ಹಳ್ಳದ ಸಂದಿಯಿಂದ ಮಧ್ಯಾಹ್ನದ ಮೇಲೆ ಗಾಳಿ ಎದ್ದು ಹಿನ್ನೀರಿನ ನಡುವಿಗೆ ನುಗ್ಗುತ್ತದೆ. ಆ ಗಾಳಿಗೆ ಹಾಯಿ ಕಟ್ಟಿ ಹೋಗಿ ದೂರದ ದಿಬ್ಬಗಳ ಹತ್ತಿರ ಬಲೆ ಬಿಡುತ್ತಾರೆ. ಬೆಳಿಗ್ಗೆ ಗಾಳಿ ಇರುವುದಿಲ್ಲ, ನೀರು ಸುಮ್ಮನಿರುತ್ತದೆ. ಆಗ ಮೀನು ತುಂಬಿಕೊಂಡು ಹುಟ್ಟು ಹಾಕುತ್ತ ಬರುತ್ತಾರೆ. ದುಂಡು ತೆಪ್ಪಕ್ಕೆ ಎಷ್ಟು ಹುಟ್ಟು ಹಾಕಿದರೂ ತಿರುಗುವ ಚಾಳಿ. ಅಂಚಿಗೆ ಎರಡು ಗಳ ಕಟ್ಟಿ ಸೀರೆ ಬಿಗಿದರೆ ತಿರುಗುವುದನ್ನು ಬಿಟ್ಟು ಎಳೆದತ್ತ ಹೋಗುತ್ತದೆ. ಎಷ್ಟೋ ಹೊತ್ತಿನ ತೋಳುನೋವು ತಪ್ಪುತ್ತದೆ.

ಅದಕ್ಕೆ ಹೊಸ ಬಟ್ಟೆ ಕಟ್ಟಬಾರದು. ಮನೆಯ ಹೆಂಗಸು ಉಟ್ಟು, ಒಗೆದು, ಮತ್ತೆ ಉಟ್ಟು, ಇನ್ನು ಉಡಲಾಗದು ಎಂದು ಬಿಟ್ಟ ಹತ್ತಿ ಸೀರೆಯೇ ಆಗಬೇಕು. ಪಳನಿಯಮ್ಮ ಅದನ್ನು ಪರೀಕ್ಷೆ ಮಾಡುತ್ತಿದ್ದಳು. ಸೀರೆಯ ಒಂದು ಪದರವನ್ನು ಬಾಯಿಗೆ ಅಡ್ಡ ಹಿಡಿದು ಊದುವುದು. ಆಚೆ ಬದಿಯಲ್ಲಿ ಇಟ್ಟ ಅಂಗೈಗೆ ಉಸಿರು ತಾಕಿದರೆ ಆ ಸೀರೆ ನೀರಿಗೆ, ತಾಕದಿದ್ದರೆ ಇನ್ನೊಂದು ವರ್ಷ ಮೈಮೇಲೆ. ಅದು ಅವರ ಬಡತನದ ಪದ್ಧತಿ ಎಂದು ನಾನು ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿ ಐದಾರು ವರ್ಷವಾಗಿತ್ತು, ಎಲ್ಲ ಗೊತ್ತು ಎನ್ನುವ ವಯಸ್ಸು.

ಆ ತೇಪೆ ಹಾಕಿದ ಸೀರೆಗಳನ್ನು ನೋಡಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತಿತ್ತು. ಕಚೇರಿಯಲ್ಲಿ ಮೀನುಮರಿಯ ತೊಟ್ಟಿ ಮುಚ್ಚಲು ತಂದ ನೀಲಿ ಟಾರ್ಪಾಲು ಮಿಕ್ಕಿತ್ತು. ಅಳತೆಗೆ ಕತ್ತರಿಸಿ, ಅಂಚಿಗೆ ತೂತು ಹೊಡೆಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪಾಲಾರ್‌ಗೆ ಒಯ್ದೆ. ಪಳನಿಯಮ್ಮ ಅದನ್ನು ಬಾಯಿಗೆ ಅಡ್ಡ ಹಿಡಿದು ಊದಿದಳು. ಕೈ ನೋಡಿಕೊಂಡಳು.

"ಇದು ಬ್ಯಾಡಿ ಸಾ. ಉಸ್ರೇ ಆಡಲ್ಲ ಇದು" ಎಂದಳು.

"ಅದ್ಕೇ ಕಣಮ್ಮಾ ತಂದಿರೋದು. ಗಾಳಿ ಒಂಚೂರೂ ಪೋಲಾಗಲ್ಲ, ಬಟ್ಟೆ ಅರಿಯೋದೂ ಇಲ್ಲ."

"ಅರೀಬೇಕು ಸಾ. ಅರೀದಿದ್ರೆ ಎಂಗೆ?"

ಆ ಮಾತು ನನಗೆ ತಲೆಹರಟೆಯಂತೆ ಕೇಳಿತು. ಮುರುಗೇಶನಿಗೆ ಮಾತ್ರ ನೀಲಿ ಬಟ್ಟೆ ಇಷ್ಟವಾಗಿತ್ತು, ಆದರೆ ಅಕ್ಕನ ಮಾತು ಮೀರುವವನಲ್ಲ. ಆಗ ನಾನು ಆಡಿದ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ, ಒಂದಕ್ಷರ ಮುಚ್ಚುವುದಿಲ್ಲ. "ಇದು ಆಫೀಸಿಂದ ಕೊಟ್ಟಿರೋದು. ಕಟ್ಟಲ್ಲ ಅಂದ್ರೆ ಬರೋ ವರ್ಷ ಲೈಸೆನ್ಸು ರಿನೀವಲ್ಲಿಗೆ ಬಂದಾಗ ನಾನೂ ನೋಡ್ಕತೀನಿ" ಎಂದೆ. ಯಾರೂ ನನಗೆ ಹಾಗೆ ಹೇಳು ಎಂದಿರಲಿಲ್ಲ. ಪಳನಿಯಮ್ಮ ಸೀರೆ ಬಿಚ್ಚಿ, ಮಡಿಸಿ, ಒಳಗಿಟ್ಟಳು.

ಮೂರು ದಿನ ತೆಪ್ಪ ಓಡಿದ್ದೇ ಓಡಿದ್ದು. ನಮ್ಮ ಸಾಹೇಬರು ಜೀಪಿನಲ್ಲಿ ಬಂದು ಫೋಟೋ ತೆಗೆಸಿಕೊಂಡರು. ನನ್ನ ಬೆನ್ನು ತಟ್ಟಿ, "ಎಲ್ಲಾ ತೆಪ್ಪಕ್ಕೂ ಇದನ್ನೇ ಹಾಕಿಸೋಣ ಕಣಯ್ಯಾ" ಎಂದರು. ನಾನೂ ಉಬ್ಬಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಮುರುಗೇಶ ಒಬ್ಬನೇ ಹೋಗಿದ್ದ. ದಿಬ್ಬದ ಹತ್ತಿರ ಗಾಳಿ ಒಮ್ಮೆಗೇ ಬೀಸಿತು. ಸೀರೆಯಾಗಿದ್ದರೆ ಒಂದಷ್ಟು ಗಾಳಿ ಅದರೊಳಗಿಂದಲೇ ಹಾದುಹೋಗುತ್ತಿತ್ತು, ಮಿಕ್ಕಿದ್ದಕ್ಕೆ ಬಟ್ಟೆ ಹರಿದು ತೆಪ್ಪ ಉಳಿಯುತ್ತಿತ್ತು. ಟಾರ್ಪಾಲು ಹರಿಯಲಿಲ್ಲ. ತೆಪ್ಪದ ಅಂಚನ್ನೇ ನೀರೊಳಕ್ಕೆ ಅದುಮಿ ಮಗುಚಿ ಹಾಕಿತು. ಗಳ ಬಡಿದು ಮುರುಗೇಶನ ಭುಜದ ಮೂಳೆ ಮುರಿಯಿತು. ಮಗುಚಿದ ತೆಪ್ಪವನ್ನು ಒಂದೇ ಕೈಯಲ್ಲಿ ತಬ್ಬಿಕೊಂಡಿದ್ದವನನ್ನು ಹಿಂದೆ ಬರುತ್ತಿದ್ದ ಇನ್ನೆರಡು ತೆಪ್ಪದವರು ಎಳೆದುಕೊಂಡರು. ಬಲೆಗಳೆಲ್ಲ ನೀರುಪಾಲಾದವು.

ಸುದ್ದಿ ತಿಳಿದು ಕೊಳ್ಳೇಗಾಲದಿಂದ ಕಾಮಗೆರೆ ಆಸ್ಪತ್ರೆಗೆ ಓಡಿದೆ. ಮುರುಗೇಶ ಕಣ್ಣು ಮುಚ್ಚಿ ಮಲಗಿದ್ದ. ಪಳನಿಯಮ್ಮ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು.

"ನಿಮ್ ನೀಲಿ ಬಟ್ಟೆ ನೀರ್ಗೋಯ್ತು ಸಾ. ಆಫೀಸ್ನೋರು ಕೇಳ್ತಾರಾ?" ಎಂದಳು.

ಅತ್ತಿದ್ದರೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ಕೇಳಿ ಆಚೆ ಬಂದು ಬೇವಿನ ಮರದ ಕೆಳಗೆ ನಿಂತು ಅತ್ತೆ.

ಮಾರನೆಯ ದಿನ ಸಾಹೇಬರು ವರದಿಯ ಕರಡನ್ನು ತಾವೇ ತಯಾರು ಮಾಡಿಕೊಂಡು ಬಂದಿದ್ದರು. ಹಳೆಯ ಸೀರೆಯನ್ನು ಅನಧಿಕೃತವಾಗಿ ಹಾಯಿಯಂತೆ ಕಟ್ಟಿದ್ದರಿಂದ ತೆಪ್ಪ ಮಗುಚಿದೆ, ಆದ್ದರಿಂದ ಪಳನಿಯಮ್ಮನ ಲೈಸೆನ್ಸು ರದ್ದು ಮಾಡಬೇಕು, ಪಾಲಾರ್‌ನ ಎಲ್ಲ ತೆಪ್ಪಗಳ ಸೀರೆ ಹಾಯಿ ವಶಕ್ಕೆ ಪಡೆಯಬೇಕು ಎಂದಿತ್ತು. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದರು. ಟಾರ್ಪಾಲಿನ ಸುದ್ದಿ ಒಂದಕ್ಷರವೂ ಇರಲಿಲ್ಲ. ಫೋಟೋ ಎಲ್ಲಿ ಎಂದು ಕೇಳಿದೆ. ಯಾವ ಫೋಟೋ ಎಂದರು.

ಲೈಸೆನ್ಸು ಹೋದರೆ ಏನಾಗುತ್ತದೆ ಎಂದು ಹೊಸಬರಿಗೆ ಗೊತ್ತಿರಲಿ. ನೀರಿಗೆ ಬಲೆ ಬಿಡುವಂತಿಲ್ಲ. ಬಿಟ್ಟರೂ ಮೀನು ಕೊಳ್ಳುವ ಲಾರಿಯವರು ಅದನ್ನು ಮುಟ್ಟುವುದಿಲ್ಲ. ತಮ್ಮನ ಕೈ ಮುರಿದಿದೆ, ಬಲೆ ಹೋಗಿದೆ, ಅದರ ಮೇಲೆ ಇದೂ ಆದರೆ ಪಳನಿಯಮ್ಮ ದಡದಲ್ಲಿ ಕೂತು ನೀರು ನೋಡಬೇಕು. ಅದೂ ನನ್ನ ತಪ್ಪಿಗೆ.

"ಸಹಿ ಹಾಕೋದಿಲ್ಲ ಸರ್" ಎಂದೆ.

"ಬಡ್ತಿ ಪಟ್ಟಿಯಲ್ಲಿ ನಿನ್ನ ಹೆಸರಿದೆ ಕಣಯ್ಯಾ. ಟಾರ್ಪಾಲು ನಂದು ಅಂತ ಬರೆದುಕೊಟ್ಟರೆ ಹೋಗೋದು ನಿನ್ನ ಕುತ್ತಿಗೆ. ಆ ಹೆಂಗಸಿಗೆ ಇದೆಲ್ಲಾ ಏನು ಗೊತ್ತಾಗುತ್ತೆ?"

"ಆಯಮ್ಮಂಗೆ ಗೊತ್ತಿದ್ದಿದ್ದು ನಂಗೆ ಗೊತ್ತಿರ್ನಿಲ್ಲ ಸರ್. ಅದ್ಕೇ ಈ ಗತಿ ಆಗಿರೋದು."

ಅಲ್ಲೇ ಅವರ ಮೇಜಿನ ಮೂಲೆಯಲ್ಲಿ ಕೂತು ಬರೆದೆ. ಸೀರೆ ಬಿಚ್ಚಿಸಿದ್ದು ನಾನು, ಟಾರ್ಪಾಲು ಕಟ್ಟಿಸಿದ್ದು ನಾನು, ಲೈಸೆನ್ಸಿನ ಹೆಸರು ಹೇಳಿ ಹೆದರಿಸಿದ್ದೂ ನಾನು. ಸಾಹೇಬರು ಓದಿ, ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಇನ್ನೊಂದು ಹಾಳೆ ತೆಗೆದುಕೊಂಡು ಮತ್ತೆ ಅದನ್ನೇ ಬರೆದೆ. ಈ ಸಲ ಅವರ ಕೈಗೆ ಕೊಡಲಿಲ್ಲ. ಜಿಲ್ಲಾ ಕಚೇರಿಗೆ ನಾನೇ ಒಯ್ದು, ಟಪಾಲು ಶಾಖೆಯಲ್ಲಿ ಕೊಟ್ಟು, ಸೀಲು ಹಾಕಿಸಿಕೊಂಡು ಬಂದೆ. ಕೆಲಸಕ್ಕೆ ಹೊಸದಾಗಿ ಬಂದವರೇ, ಇದೊಂದು ನೆನಪಿಡಿ. ಸೀಲು ಬಿದ್ದ ಕಾಗದವನ್ನು ಹರಿದು ಬುಟ್ಟಿಗೆ ಹಾಕುವುದು ಅಷ್ಟು ಸುಲಭವಲ್ಲ.

ತಿಂಗಳಾದ ಮೇಲೆ ಜಿಲ್ಲಾ ಕಚೇರಿಯಿಂದ ವಿಚಾರಣೆಗೆ ಒಬ್ಬರು ಮೇಡಂ ಬಂದರು. ಗಾಳಿ ಇನ್ನೂ ಇಳಿದಿರಲಿಲ್ಲ. ದಡದಲ್ಲಿ ಕುರ್ಚಿ ಹಾಕಿ, ಕಾಗದ ಹಾರದಂತೆ ಕಲ್ಲಿಟ್ಟುಕೊಂಡು ಕೂತರು. ಟಾರ್ಪಾಲಾದರೇನು, ಸೀರೆಯಾದರೇನು, ಹಾಯಿ ಕಟ್ಟುವುದೇ ಅಪಾಯ, ಈ ಮನುಷ್ಯ ಭಾವುಕನಾಗಿ ಬರೆದಿದ್ದಾನೆ ಎಂದು ಸಾಹೇಬರು ವಾದಿಸಿದರು. ಮೇಡಂ ನನ್ನ ಕಡೆ ತಿರುಗಿ, "ವ್ಯತ್ಯಾಸ ಇದೆ ಅಂತ ಹೇಗೆ ಹೇಳ್ತೀರಿ?" ಎಂದು ಕೇಳಿದರು.

"ಸೀರೆ ಕಟ್ಲಿ ಮೇಡಂ. ನಾನು ಕೂತ್ಕಂಡು ಓಯ್ತೀನಿ. ನೀವೇ ನೋಡಿ."

"ಇವನಿಗೆ ಈಜೇ ಬರಲ್ಲ" ಎಂದರು ಸಾಹೇಬರು. ಅವರಿಗೆ ಅದು ಹೇಗೆ ಗೊತ್ತಿತ್ತೋ!

ಪಳನಿಯಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಚಪ್ಲಿ ಬುಟ್ಟು ಅತ್ತಿ ಸಾ. ಮದ್ಯಕ್ಕೆ ಕೂತ್ಕಳಿ. ಏನೇ ಆದ್ರೂ ಎದ್ದು ನಿಂತ್ಕಬ್ಯಾಡಿ" ಎಂದಳು. ಮೇಡಂ ಮೊದಲು ಎರಡು ತೆಪ್ಪ ಹಿಂದೆ ಇರಲಿ ಎಂದು ಗೊತ್ತು ಮಾಡಿ ಆಮೇಲೆ ಒಪ್ಪಿದರು. ಪಳನಿಯಮ್ಮ ಸೀರೆ ಕಟ್ಟಿ ಹಿಂದೆ ಹುಟ್ಟು ಹಿಡಿದು ಕೂತಳು. ದಡ ದೂರವಾಯಿತು. ನಾನು ಎರಡು ಕೈಯಲ್ಲೂ ಬಿದಿರಿನ ಅಂಚು ಹಿಡಿದಿದ್ದೆ. ಅರ್ಧ ದಾರಿಯಲ್ಲಿ ಗಾಳಿ ಬಂದು ಬಡಿಯಿತು. ಮುಂದಿನ ಅಂಚು ಬಾಗಿತು, ನೀರು ಇನ್ನೇನು ಒಳಗೆ ಬಂತು ಅನ್ನುವಷ್ಟು ಹತ್ತಿರ. ನಾನು ಕಣ್ಣು ಮುಚ್ಚಿಕೊಂಡೆ. ಆಗ ಪರ್‍ರೆಂದು ಸದ್ದಾಯಿತು. ಕಣ್ಣು ಬಿಟ್ಟರೆ ಸೀರೆ ನಡುವಿನಲ್ಲಿ ಸೀಳಿ ಎರಡು ಹೋಳಾಗಿ ಪಟಪಟ ಹೊಡೆದುಕೊಳ್ಳುತ್ತಿದೆ, ತೆಪ್ಪ ನೀರಿನ ಮೇಲೆ ಸಮನಾಗಿ ಕೂತಿದೆ.

"ಉಸ್ರು ಬುಡಿ ಸಾ" ಎಂದಳು ಪಳನಿಯಮ್ಮ.

ಗಾಳಿಗೆ ಎದುರಾಗಿ ಹುಟ್ಟು ಹಾಕಿಕೊಂಡು ವಾಪಸು ಬರಲು ಒಂದು ಗಂಟೆ ಹಿಡಿಯಿತು. ಮೇಡಂ ಹರಿದ ಸೀರೆಯನ್ನು ಕೈಯಲ್ಲಿ ಹಿಡಿದು ನೋಡಿದರು.

"ಟಾರ್ಪಾಲು ಹೀಗೆ ಹರಿಯೋದಿಲ್ಲ, ಅಲ್ವಾ?"

"ಅರೀದಿರ್ಲಿ ಅಂತಾನೇ ನಾನು ಅದನ್ನ ತಂದಿದ್ದು ಮೇಡಂ" ಎಂದೆ.

ಆದೇಶ ಬರಲು ಮೂರು ವಾರ ಆಯಿತು. ಪಳನಿಯಮ್ಮನ ಲೈಸೆನ್ಸು ಊರ್ಜಿತ. ಸೀರೆಗಳನ್ನು ವಶಕ್ಕೆ ಪಡೆಯಬೇಕಿಲ್ಲ. ಅವಘಡಕ್ಕೆ ಫೀಲ್ಡ್‌ಮನ್‌ನ ನಿರ್ಲಕ್ಷ್ಯ ಮತ್ತು ಅಧಿಕಾರ ದುರುಪಯೋಗವೇ ಕಾರಣ, ಬಡ್ತಿ ಪಟ್ಟಿಯಿಂದ ಹೆಸರು ತೆಗೆಯತಕ್ಕದ್ದು. ಸಾಹೇಬರ ಫೋಟೋದ ಬಗ್ಗೆ ಏನೂ ಇರಲಿಲ್ಲ. ಇರಲಿ ಬಿಡಿ. ನನ್ನ ಮೇಲೆ ಬರೆದಿದ್ದರಲ್ಲಿ ಒಂದು ಪದವೂ ಹೆಚ್ಚಾಗಿರಲಿಲ್ಲ. ಬಡ್ತಿ ಯಾಕೆ ಆಗಲಿಲ್ಲ ಎಂದು ನೆಂಟರು ಕೇಳಿದಾಗ ಇದನ್ನೇ ಹೇಳುತ್ತ ಬಂದಿದ್ದೇನೆ, ತಲೆ ತಗ್ಗಿಸಿ ಹೇಳಿಲ್ಲ.

ಆದೇಶದ ಪ್ರತಿಯನ್ನು ಅಂಚೆಯಲ್ಲಿ ಕಳಿಸು ಎಂದರು. ನಾನೇ ತೆಗೆದುಕೊಂಡು ಹೋದೆ. ಮುರುಗೇಶ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಮನೆಯ ಮುಂದೆ ಕೂತಿದ್ದ. ಬಲೆ ಹೆಣೆಯುತ್ತಿದ್ದವರೆಲ್ಲ ಸುತ್ತ ನೆರೆದರು. ಕಾಗದ ಕೊಟ್ಟರೆ ಪಳನಿಯಮ್ಮ ಕೈ ಚಾಚಲಿಲ್ಲ.

"ನಂಗ್ ಓದಕ್ ಬರಲ್ಲ. ನೀವೇ ಓದಿ ಸಾ, ಎಲ್ಲಾರ್ಗೂ ಕೇಳಂಗೆ. ತಪ್ಪು ಯಾರ್ದು ಅಂತ ಬರ್ದವ್ರಲ್ಲ, ಅದ ಬುಡದಂಗೆ ಓದಿ. ನನ್ ತಮ್ಮ ಕೇಳ್ಲಿ."

ಓದಿದೆ. ನಿರ್ಲಕ್ಷ್ಯ ಎಂಬಲ್ಲಿ ನಿಲ್ಲಲಿಲ್ಲ, ದುರುಪಯೋಗ ಎಂಬಲ್ಲಿ ದನಿ ಇಳಿಸಲಿಲ್ಲ. ಮುರುಗೇಶ ಕೊನೆಯವರೆಗೂ ನನ್ನ ಮುಖವನ್ನೇ ನೋಡುತ್ತಿದ್ದ.

"ಸರಿ ಸಾ. ಕಾಗ್ದ ಆಯ್ತು" ಎಂದ. "ಈ ಕೈ ಕೂಡೋಗಂಟ ಅಕ್ಕನ ಜೊತ್ಗೆ ಉಟ್ಟಾಕೋರ್ ಯಾರು?"

ನಾನು ಚಪ್ಪಲಿ ಬಿಟ್ಟೆ.

ಅವನ ಭುಜ ಕೂಡುವವರೆಗೆ ಪ್ರತಿ ಭಾನುವಾರ, ಪ್ರತಿ ರಜೆಯ ದಿನ, ಮೊದಲ ಬಸ್ಸಿಗೆ ಪಾಲಾರ್‌ಗೆ ಹೋಗಿ ಪಳನಿಯಮ್ಮನ ಎದುರು ಕೂತು ಹುಟ್ಟು ಹಾಕಿದೆ. ಅಂಗೈ ಬೊಬ್ಬೆ ಎದ್ದಿತು, ಬೈಗುಳ ತಿಂದೆ, ತಿರುಗುವ ತೆಪ್ಪವನ್ನು ನೆಟ್ಟಗೆ ಒಯ್ಯುವುದನ್ನು ಕಲಿತೆ. ಸರ್ಕಾರಿ ನೌಕರ ಮೀನು ಹಿಡಿಯುತ್ತಿದ್ದಾನೆ ಎಂದು ಯಾರೋ ದೂರು ಬರೆದರು. ಸಾಹೇಬರು ಮೆಮೊ ಕೊಟ್ಟರು. ಯಾರ ಅನುಮತಿ ಪಡೆದು ಸದರಿ ತೆಪ್ಪದಲ್ಲಿ ಕೆಲಸ ಮಾಡುತ್ತಿದ್ದೀರಿ, ಏಳು ದಿನದೊಳಗೆ ಉತ್ತರಿಸಿ ಎಂದು ಅದರಲ್ಲಿತ್ತು. ಆ ಮೆಮೊ ಇನ್ನೂ ನನ್ನ ಹತ್ತಿರ ಇದೆ. ಉತ್ತರ ಕೊಟ್ಟಿಲ್ಲ, ಕೊಡುವುದೂ ಇಲ್ಲ.